ಎದೆಯ ಶಸ್ತ್ರಚಿಕಿತ್ಸೆ: ಮನೆಯವರು ತಿಳಿದಿರಬೇಕಾದದ್ದು

ಹೆಣ್ಣಾಗಿ ಹುಟ್ಟಿದರೂ ತಾವು ಗಂಡು ಎಂದೇ ಒಳಗಿನಿಂದ ಅರಿತವರು ಕೆಲವರಿದ್ದಾರೆ. ಇದು ಹಟವಲ್ಲ, ಹುಚ್ಚೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿತು.

ಇಂಥವರಿಗೆ ಬೆಳೆದ ಸ್ತನಗಳೇ ದೊಡ್ಡ ಸಂಕಟ. ಹಲವರು ಬ್ಯಾಂಡೇಜಿನಿಂದ ಎದೆಯನ್ನು ಬಿಗಿದು ಕಟ್ಟಿಕೊಳ್ಳುತ್ತಾರೆ. ಇದರಿಂದ ಬೆನ್ನುನೋವು, ಪಕ್ಕೆನೋವು, ಚರ್ಮದ ಹುಣ್ಣು, ಉಸಿರಾಟದ ತೊಂದರೆ ಬರಬಹುದು. ಬ್ಯಾಂಡೇಜ್ ಬೇಡ, ಇದಕ್ಕೆಂದೇ ಹೊಲಿದ, ಅಳತೆಗೆ ಸರಿಯಾದ ಬೈಂಡರ್ ಧರಿಸಿ, ಮಲಗುವಾಗ ತೆಗೆದಿಡಬೇಕು.

ಟೆಸ್ಟೊಸ್ಟೆರಾನ್ ಚುಚ್ಚುಮದ್ದಿನಿಂದ ಗಡ್ಡಮೀಸೆ ಬರುತ್ತದೆ, ಧ್ವನಿ ಗಡುಸಾಗುತ್ತದೆ. ಆದರೆ ಬೆಳೆದ ಸ್ತನ ಕರಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಮುಖ್ಯವಾಗಿ ಎರಡು ವಿಧಾನಗಳಿವೆ.

ಒಂದು: ಸ್ತನ ಚಿಕ್ಕದಾಗಿದ್ದು ಚರ್ಮ ಬಿಗಿಯಾಗಿದ್ದರೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲಿ ಕೊಯ್ದು ಒಳಗಿನ ಗ್ರಂಥಿಯನ್ನು ತೆಗೆಯುತ್ತಾರೆ. ಕಲೆ ಕಡಿಮೆ, ತೊಟ್ಟಿನ ಸ್ಪರ್ಶಜ್ಞಾನ ಉಳಿಯುವ ಸಾಧ್ಯತೆ ಹೆಚ್ಚು.

ಎರಡು: ಸ್ತನ ದೊಡ್ಡದಾಗಿದ್ದರೆ ಎರಡೂ ಕಡೆ ಎದೆಯ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದು, ಗ್ರಂಥಿಯನ್ನೂ ಹೆಚ್ಚಿನ ಚರ್ಮವನ್ನೂ ತೆಗೆಯುತ್ತಾರೆ. ತೊಟ್ಟನ್ನು ಬಿಡಿಸಿ, ಚಿಕ್ಕದಾಗಿಸಿ, ಗಂಡಸರಿಗೆ ಇರುವ ಜಾಗದಲ್ಲಿ ಕಸಿ ಮಾಡುತ್ತಾರೆ. ಎದೆ ಚೆನ್ನಾಗಿ ಸಪಾಟಾಗುತ್ತದೆ. ಆದರೆ ಉದ್ದ ಕಲೆ ಉಳಿಯುತ್ತದೆ, ತೊಟ್ಟಿನ ಸ್ಪರ್ಶಜ್ಞಾನ ಬಹುಮಟ್ಟಿಗೆ ಹೋಗುತ್ತದೆ.

ಪೂರ್ಣ ಅರಿವಳಿಕೆ ಕೊಟ್ಟು ಮಾಡುವ ಈ ಚಿಕಿತ್ಸೆಗೆ ಅನುಭವಿ ಪ್ಲಾಸ್ಟಿಕ್ ಸರ್ಜನ್ ಬೇಕು. ಕೆಲವು ವಾರ ಮೊದಲೇ ಬೀಡಿ, ಸಿಗರೇಟು ಬಿಡಬೇಕು. ಇಲ್ಲದಿದ್ದರೆ ಗಾಯ ಮಾಯುವುದು ತಡವಾಗುತ್ತದೆ. ನಂತರ ಕೆಲವು ವಾರ ಬಿಗಿ ಒಳಂಗಿ ಧರಿಸಬೇಕು, ಭಾರ ಎತ್ತಬಾರದು. ಒಂದೇ ಕಡೆ ಥಟ್ಟನೆ ಊತ, ಜ್ವರ, ಕೀವು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಎರಡು ಮಾತು ನೆನಪಿರಲಿ. ತೆಗೆದ ಸ್ತನ ಮತ್ತೆ ಬೆಳೆಯದು; ಮುಂದೆ ಎದೆಹಾಲು ಕೊಡುವ ಅವಕಾಶವೂ ಬಹುತೇಕ ಇಲ್ಲವಾಗುತ್ತದೆ. ಸ್ವಲ್ಪ ಗ್ರಂಥಿ ಉಳಿದಿರುವುದರಿಂದ ಕ್ಯಾನ್ಸರಿನ ಸಾಧ್ಯತೆ ಪೂರ್ತಿ ಹೋಗುವುದಿಲ್ಲ. ಮನೆತನದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ ಸರ್ಜನ್‌ಗೆ ಮೊದಲೇ ಹೇಳಿ.

ಎಲ್ಲರಿಗೂ ಈ ಶಸ್ತ್ರಚಿಕಿತ್ಸೆ ಬೇಕೆಂದೇನಿಲ್ಲ. ಅದನ್ನು ತೀರ್ಮಾನಿಸಬೇಕಾದವರು ಪ್ರಾಯಕ್ಕೆ ಬಂದ ಆ ವ್ಯಕ್ತಿಯೇ, ವೈದ್ಯರೊಂದಿಗೆ ಕೂತು ಮಾತನಾಡಿದ ಮೇಲೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಬೈಗುಳ, ಹೊಡೆತ, ಅವಸರದ ಮದುವೆ ಯಾವುದೂ ಮದ್ದಲ್ಲ. ಮನೆಯವರು ಕೈಬಿಟ್ಟರೆ ಗುಟ್ಟಾಗಿ ನಕಲಿ ವೈದ್ಯರ ಕೈಗೆ ಸಿಕ್ಕುವ ಅಪಾಯವಿದೆ. ಆದ್ದರಿಂದ ವೈದ್ಯರ ಬಳಿಗೆ ಹೋಗುವಾಗ ನೀವೂ ಜೊತೆಗೆ ಹೋಗಿ.