ದಾವಣಗೆರೆಯ ‘ಧನುರ್ಧಾರಿ’

ಚಿತ್ರದುರ್ಗದಿಂದ ಭರಮಸಾಗರವನ್ನು ಹಾದು ಸಾಗುವ ಹೆದ್ದಾರಿ ದಾವಣಗೆರೆಯನ್ನು ಸೇರುತ್ತದೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಆ ಊರಿನಿಂದ 1906ರಲ್ಲಿ ‘ಧನುರ್ಧಾರಿ’ ಎಂಬ ವಾರಪತ್ರಿಕೆ ಹೊರಟಿತು. ಅದನ್ನು ನಡೆಸಿದವರು, ಬನವಾಸಿಯಲ್ಲಿ 1886ರಲ್ಲಿ ಜನಿಸಿದ ಹರ್ಡೇಕರ ಮಂಜಪ್ಪನವರು.

ವಂಗಭಂಗದ ವಿರುದ್ಧ ದೇಶವೆಲ್ಲ ಕೆರಳಿದ್ದ ಕಾಲವದು. ಶಿರಸಿಯಲ್ಲಿ ಶಾಲಾಮಾಸ್ತರರಾಗಿದ್ದ ಮಂಜಪ್ಪನವರು ತಿಲಕರ ಬರಹಗಳಿಗೆ ಮನಸೋತು ಸರಕಾರಿ ಕೆಲಸವನ್ನು ತೊರೆದರು. ಇಪ್ಪತ್ತರ ತರುಣನಿಗೆ ತಿಂಗಳ ಸಂಬಳಕ್ಕಿಂತ ಸ್ವದೇಶೀ ವ್ರತವೇ ಹಿರಿದಾಯಿತು. ‘ಕೇಸರಿ’ಯ ವಿಚಾರಗಳನ್ನು ಕನ್ನಡಕ್ಕಿಳಿಸಿ, ಮರಾಠಿಯನ್ನರಿಯದ ಓದುಗರ ಮನೆಬಾಗಿಲಿಗೆ ತಂದರು.

ಹಾದಿ ಸುಗಮವಾಗಿರಲಿಲ್ಲ. 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಅದೇ ವರ್ಷ ಮೈಸೂರು ಸಂಸ್ಥಾನವು ಪತ್ರಿಕಾ ಶಾಸನವನ್ನು ತಂದು, ಸರಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ನಡೆಸದಂತೆ ಕಟ್ಟುಮಾಡಿತು. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಲೇಖನಿಯನ್ನು ಹಿಡಿಯುವುದು ಆ ದಿನಗಳಲ್ಲಿ ಅಷ್ಟು ದುಬಾರಿಯ ಕಾರ್ಯವಾಗಿತ್ತು.

ಮಂಜಪ್ಪನವರು ಬರೆದುದನ್ನು ಬಾಳಿ ತೋರಿದರು. 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಮುಂದೆ ಆಲಮಟ್ಟಿಯಲ್ಲಿ ಆಶ್ರಮವನ್ನು ಕಟ್ಟಿ ‘ಕರ್ನಾಟಕದ ಗಾಂಧಿ’ ಎನಿಸಿದರು. 1947ರ ಜನವರಿಯಲ್ಲಿ ಅವರು ಕಣ್ಮುಚ್ಚಿದಾಗ ಸ್ವಾತಂತ್ರ್ಯಕ್ಕೆ ಇನ್ನೂ ಏಳು ತಿಂಗಳುಗಳಿದ್ದವು. ಬಿತ್ತಿದವರು ಫಲವನ್ನು ಕಾಣಲಿಲ್ಲ. ಫಲವನ್ನುಂಡವರು ಬಿತ್ತಿದವರನ್ನು ಮರೆಯಲಾಗದು.