ಯಾರು ಯಾರನ್ನು ಚಿತ್ರಿಸುತ್ತಾರೆ? ಕೋಡಂಬಾಕ್ಕಂನ ‘ಅಂದ ನಾಳ್’ ಮತ್ತು ಪತ್ತೇದಾರಿ ಕಥೆಯ ಪಾತ್ರಲೋಕ

ಪತ್ತೇದಾರಿ ಕಥೆಗಳ ಬಗ್ಗೆ ಮಾತು ಬಂದಾಗಲೆಲ್ಲ ಕೊಲೆ ಮಾಡಿದವರು ಯಾರು, ಸುಳಿವು ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆಗಳೇ ಮುಂದಾಗುವುದರಿಂದ, ಆ ಕಥೆಗಳಲ್ಲಿ ಬರುವ ಮನುಷ್ಯರು ಚದುರಂಗದ ಕಾಯಿಗಳಿದ್ದಂತೆ, ಅವರಿಗೆ ಸ್ವಂತ ಜೀವವಿಲ್ಲ ಎಂಬ ಅಭಿಪ್ರಾಯ ಓದುಗರಲ್ಲಿಯೂ ವಿಮರ್ಶಕರಲ್ಲಿಯೂ ಬಲವಾಗಿ ಬೇರೂರಿದೆ. ಆದರೆ ಈ ಪ್ರಕಾರದ ಉತ್ತಮ ಕೃತಿಗಳನ್ನು ಗಮನವಿಟ್ಟು ನೋಡಿದರೆ, ಪಾತ್ರಚಿತ್ರಣಕ್ಕೆ ಅವು ಬೇರೆಯದೇ ಒಂದು ಮಾರ್ಗವನ್ನು ಕಂಡುಕೊಂಡಿರುವುದು ತಿಳಿಯುತ್ತದೆ. ಇಲ್ಲಿ ಲೇಖಕ ತಾನೇ ಮುಂದೆ ನಿಂತು ಒಬ್ಬ ವ್ಯಕ್ತಿ ಇಂಥವನು ಎಂದು ವರ್ಣಿಸುವುದು ಕಡಿಮೆ. ಸಂಶಯಕ್ಕೆ ಸಿಲುಕಿದವರು ಒಬ್ಬರನ್ನೊಬ್ಬರು ದೂರುತ್ತಾ, ದೂರುವ ಭರದಲ್ಲಿ ತಮ್ಮನ್ನೇ ಬಯಲು ಮಾಡಿಕೊಳ್ಳುತ್ತಾರೆ. ಈ ಮಾರ್ಗಕ್ಕೆ ದಕ್ಷಿಣ ಭಾರತದಲ್ಲಿ ದೊರೆಯುವ ಸ್ವಚ್ಛವಾದ ಉದಾಹರಣೆಯೆಂದರೆ, ಮದರಾಸಿನ ಕೋಡಂಬಾಕ್ಕಂನಲ್ಲಿ ತಯಾರಾಗಿ 1954ರಲ್ಲಿ ತೆರೆಕಂಡ ‘ಅಂದ ನಾಳ್’ ಎಂಬ ತಮಿಳು ಚಲನಚಿತ್ರ. ಅದರ ಕೇಂದ್ರಪಾತ್ರವನ್ನು ಭಟ್ಕಳದ ಪಂಢರಿಬಾಯಿ ವಹಿಸಿದ್ದರಿಂದ ಕನ್ನಡಿಗರಿಗೂ ಅದು ಪರಕೀಯವಾದ ಕೃತಿಯಲ್ಲ.

ಪಾತ್ರಗಳ ಹಳೆಯ ಚೌಕಟ್ಟು

ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ದ್ಯುಪ್ಯಾಂ ಎಂಬ ಪ್ಯಾರಿಸ್ಸಿನ ಬುದ್ಧಿವಂತನನ್ನು ಸೃಷ್ಟಿಸಿದಾಗ, ಅವನ ತರ್ಕವನ್ನು ಬೆರಗಿನಿಂದ ಕೇಳುತ್ತಾ ನಮಗೆ ಕಥೆ ಹೇಳುವ ಒಬ್ಬ ಗೆಳೆಯನನ್ನೂ ಜೊತೆಗಿಟ್ಟನು. 1887ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಈ ಜೋಡಿಯನ್ನು ಷರ್ಲಾಕ್ ಹೋಮ್ಸ್ ಮತ್ತು ಡಾಕ್ಟರ್ ವಾಟ್ಸನ್‌ರ ರೂಪದಲ್ಲಿ ಲೋಕಪ್ರಸಿದ್ಧಗೊಳಿಸಿದರು. 1920ರಲ್ಲಿ ಅಗಾಥಾ ಕ್ರಿಸ್ಟಿ ಹರ್ಕ್ಯೂಲ್ ಪಾಯ್ರೋ ಎಂಬ ಪತ್ತೇದಾರನನ್ನು ತಂದ ಮೇಲೆ, ಒಂದು ಮನೆ, ಅದರೊಳಗೊಂದು ಕೊಲೆ, ಕೊಲ್ಲಲು ಕಾರಣವುಳ್ಳ ನಾಲ್ಕೈದು ಮಂದಿ ಎಂಬ ವಿನ್ಯಾಸ ಸ್ಥಿರವಾಯಿತು. ಹೀಗೆ ಶಾಸ್ತ್ರೀಯ ಪತ್ತೇದಾರಿ ಕಥೆಗೆ ಆರು ಸ್ಥಾನಗಳು ನಿಗದಿಯಾದವು: ಸತ್ತವನು, ಪತ್ತೇದಾರ, ಅವನ ಜೊತೆಗಾರ, ನೇರದಾರಿಯಲ್ಲೇ ಯೋಚಿಸುವ ಪೊಲೀಸ್ ಅಧಿಕಾರಿ, ಶಂಕಿತರು ಮತ್ತು ಆ ಶಂಕಿತರ ನಡುವೆಯೇ ಅಡಗಿರುವ ಅಪರಾಧಿ.

ಕನ್ನಡದಲ್ಲಿ ಈ ಪ್ರಕಾರವನ್ನು ಮನೆಮಾತಾಗಿಸಿದ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ ಪ್ರಕಟವಾದದ್ದು 1952ರಲ್ಲಿ, ಅಂದರೆ ‘ಅಂದ ನಾಳ್’ಗೆ ಎರಡೇ ವರ್ಷ ಮೊದಲು. ಪುರುಷೋತ್ತಮ, ಮಧುಸೂದನ, ಅರಿಂಜಯರಂಥ ಅವರ ಪತ್ತೇದಾರರು ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುವವರಾದ್ದರಿಂದ, ಓದುಗ ಬಾಡಿಗೆ ಪುಸ್ತಕದಂಗಡಿಗೆ ಹೋಗುತ್ತಿದ್ದುದು ಹೊಸ ಅಪರಾಧವನ್ನು ತಿಳಿಯುವುದಕ್ಕೆ ಎಷ್ಟೋ, ಪರಿಚಿತ ನಾಯಕನನ್ನು ಮತ್ತೆ ಕಾಣುವುದಕ್ಕೂ ಅಷ್ಟೇ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಇದೇ ಕಾಲದಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಬರೆದು ಓದುವ ಹವ್ಯಾಸವನ್ನು ಬೆಳೆಸಿದರು. ಇಂಥ ಸರಣಿಗಳಲ್ಲಿ ಕಥೆಯ ಭಾರವೆಲ್ಲ ಪತ್ತೇದಾರನ ಹೆಗಲಮೇಲಿರುತ್ತದೆ. ‘ಅಂದ ನಾಳ್’ ಆ ಭಾರವನ್ನು ಪತ್ತೇದಾರನಿಂದ ಇಳಿಸಿ ಶಂಕಿತರ ಮೇಲೆ ಹೊರಿಸಿತು.

ಸತ್ತವನೇ ನಾಯಕ

ವೀಣಾವಾದನದಿಂದ ಹೆಸರಾದ ಎಸ್. ಬಾಲಚಂದರ್ ಈ ಚಿತ್ರದ ಕಥೆಗಾರರೂ ನಿರ್ದೇಶಕರೂ ಆಗಿದ್ದರು. ಜಪಾನಿನ ಅಕಿರಾ ಕುರೊಸಾವಾ ಅವರ ‘ರಾಶೋಮಾನ್’ (1950) ಚಿತ್ರದಿಂದ ಪ್ರೇರಣೆ ಪಡೆದು ಅವರು ಹೆಣೆದ ಕಥೆಯನ್ನು ಎ.ವಿ. ಮೆಯ್ಯಪ್ಪನ್ ತಮ್ಮ ಎವಿಎಂ ಸಂಸ್ಥೆಯಲ್ಲಿ ನಿರ್ಮಿಸಲು ಒಪ್ಪಿದರು. ಹಾಡು, ನೃತ್ಯಗಳಿಲ್ಲದೆ ಚಿತ್ರ ಓಡುವುದಿಲ್ಲವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಒಂದು ಹಾಡೂ ಇಲ್ಲದೆ ತಯಾರಾದ ಮೊದಲ ತಮಿಳು ಚಿತ್ರವೆಂಬ ಹೆಗ್ಗಳಿಕೆ ಇದರದು. ಹಾಡಿನ ಮೂಲಕ ಪಾತ್ರದ ಒಲವು, ದುಃಖಗಳನ್ನು ತಿಳಿಸುವ ದಾರಿ ಮುಚ್ಚಿಹೋದದ್ದರಿಂದ, ಪಾತ್ರಗಳು ಬೆಳೆಯಬೇಕಾದದ್ದು ಮಾತು, ಮೌನ ಮತ್ತು ಮುಖಭಾವಗಳಿಂದಲೇ ಆಯಿತು.

ಎರಡನೆಯ ಮಹಾಯುದ್ಧದ ನಡುವೆ, 1943ರ ಅಕ್ಟೋಬರಿನಲ್ಲಿ ಜಪಾನಿನ ವಿಮಾನ ಮದರಾಸಿನ ಮೇಲೆ ಬಾಂಬು ಹಾಕಿದ ಐತಿಹಾಸಿಕ ಘಟನೆಯೇ ಕಥೆಯ ಹಿನ್ನೆಲೆ. ಚಿತ್ರ ಆರಂಭವಾಗುತ್ತಿದ್ದಂತೆಯೇ ಗುಂಡಿನ ಸದ್ದು ಕೇಳುತ್ತದೆ ಮತ್ತು ರಾಜನ್ ಎಂಬ ರೇಡಿಯೋ ಎಂಜಿನಿಯರ್ ಕುಸಿದು ಬೀಳುತ್ತಾನೆ. ಆ ಪಾತ್ರವನ್ನು ವಹಿಸಿದವರು 1952ರ ‘ಪರಾಶಕ್ತಿ’ಯಿಂದ ಪ್ರಸಿದ್ಧಿಗೆ ಬಂದಿದ್ದ ಶಿವಾಜಿ ಗಣೇಶನ್. ನಾಯಕನಟ ಮೊದಲ ದೃಶ್ಯದಲ್ಲೇ ಸಾಯುವುದು ಪ್ರೇಕ್ಷಕರಿಗೆ ಆಘಾತವಾಗಿದ್ದಿರಬೇಕು, ಆದರೆ ಕಥೆಯ ದೃಷ್ಟಿಯಿಂದ ಅದೇ ಅದರ ಶಕ್ತಿ. ಪತ್ತೇದಾರಿ ಕಥೆಯಲ್ಲಿ ಸತ್ತವನು ತನ್ನ ಪರವಾಗಿ ಏನನ್ನೂ ಹೇಳಿಕೊಳ್ಳಲಾರ, ಅವನು ಎಂಥವನು ಎಂಬುದನ್ನು ಉಳಿದವರ ಬಾಯಿಂದಲೇ ಕೇಳಬೇಕು. ರಾಜನ್ ನಮಗೆ ಕಾಣುವುದೆಲ್ಲ ಹಿನ್ನೋಟಗಳಲ್ಲಿ, ಅಂದರೆ ಒಬ್ಬೊಬ್ಬರು ನೆನಪಿಸಿಕೊಂಡು ಹೇಳುವ ಹಳೆಯ ಘಟನೆಗಳಲ್ಲಿ ಮಾತ್ರ.

ಒಬ್ಬರ ಬೆರಳು ಇನ್ನೊಬ್ಬರತ್ತ

ಎದುರುಮನೆಯ ಚಿನ್ನಯ್ಯ ಪಿಳ್ಳೆ ಗುಂಡಿನ ಸದ್ದು ಕೇಳಿ ಪೊಲೀಸರಿಗೆ ಸುದ್ದಿ ಮುಟ್ಟಿಸುವುದರೊಂದಿಗೆ ವಿಚಾರಣೆಯ ಸರಪಳಿ ಬಿಚ್ಚಿಕೊಳ್ಳುತ್ತದೆ. ಪಿಳ್ಳೆ ಸತ್ತವನ ತಮ್ಮ ಪಟ್ಟಾಭಿಯ ಮೇಲೆ ಸಂಶಯ ಹೊರಿಸುತ್ತಾನೆ. ಪಟ್ಟಾಭಿ ತನ್ನ ಹೆಂಡತಿ ಹೇಮಾಳ ಮೇಲೆಯೇ ಸಂಶಯಪಡುತ್ತಾನೆ. ಹೇಮಾ ರಾಜನ್‌ನ ಗುಟ್ಟಿನ ಗೆಳತಿ ಅಂಬುಜಂಳನ್ನು ಹೆಸರಿಸುತ್ತಾಳೆ. ಅಂಬುಜಂ ತಿರುಗಿ ಚಿನ್ನಯ್ಯ ಪಿಳ್ಳೆಯತ್ತಲೇ ಬೆರಳು ತೋರಿಸುತ್ತಾಳೆ. ಹೀಗೆ ಆರೋಪ ಹೊರಟಲ್ಲಿಗೇ ಬಂದು ಮುಟ್ಟಿದಾಗ, ಒಂದು ಕೊಲೆಯ ತನಿಖೆ ನಾಲ್ವರ ಚರಿತ್ರೆಯನ್ನು ಹೊರತೆಗೆದಿರುತ್ತದೆ.

ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಬಿಡಿಸಿ ನೋಡಿದರೆ ಪಾತ್ರಚಿತ್ರಣದ ಕೌಶಲ ಗೊತ್ತಾಗುತ್ತದೆ. ಪಟ್ಟಾಭಿಗೂ ಅಣ್ಣನಿಗೂ ಇದ್ದ ಜಗಳ ಹಣದ್ದು, ಕುಟುಂಬದ ಆಸ್ತಿಯ ಪಾಲಿನದು, ಮಧ್ಯಮವರ್ಗದ ಯಾವ ಮನೆಯಲ್ಲಾದರೂ ಕೇಳಿಬರಬಹುದಾದದ್ದು. ಆದರೆ ಕೇಳಿದವರ ಮುಂದೆ ಅವನು ಕಟ್ಟಿಕೊಂಡ ಹೆಂಡತಿಯ ಹೆಸರನ್ನೇ ಹೇಳಿದಾಗ, ಆ ಜಗಳಕ್ಕಿಂತ ಆಳವಾದ ಅವನ ದೌರ್ಬಲ್ಯ ಹೊರಬೀಳುತ್ತದೆ. ಹೇಮಾ ಅಂಬುಜಂಳ ಹೆಸರೆತ್ತಿದಾಗ, ಮನೆಯವರೆಲ್ಲ ಮರ್ಯಾದೆಗೆ ಅಂಜಿ ಮುಚ್ಚಿಟ್ಟುಕೊಂಡ ಸಂಗತಿ ಬೀದಿಗೆ ಬರುತ್ತದೆ. ಹೀಗೆ ಪ್ರತಿಯೊಂದು ಹೇಳಿಕೆಯೂ ಎರಡು ಮುಖಗಳನ್ನು ಒಟ್ಟಿಗೆ ಚಿತ್ರಿಸುತ್ತದೆ, ದೂರಿಗೆ ಗುರಿಯಾದವರದು ಮಸುಕಾಗಿ, ದೂರಿದವರದು ಸ್ಪಷ್ಟವಾಗಿ.

ಇಷ್ಟೆಲ್ಲವನ್ನೂ ಕೇಳಿಸಿಕೊಳ್ಳುವವನು ಸಿ.ಐ.ಡಿ. ಅಧಿಕಾರಿ ಶಿವಾನಂದಂ. ಚಿತ್ರಕಥೆ ಬರೆದ ಜಾವರ್ ಸೀತಾರಾಮನ್ ತಾವೇ ಈ ಪಾತ್ರವನ್ನು ನಿರ್ವಹಿಸಿದ್ದಾರೆ. ಅವನೊಂದಿಗಿರುವ ಇನ್‌ಸ್ಪೆಕ್ಟರ್ ಪುರುಷೋತ್ತಮ ನಾಯ್ಡು, ಚೌಕಟ್ಟಿನಲ್ಲಿ ಹೇಳಿದ ಪೊಲೀಸ್ ಅಧಿಕಾರಿಯ ಮತ್ತು ಜೊತೆಗಾರನ ಎರಡೂ ಸ್ಥಾನಗಳನ್ನು ತುಂಬುತ್ತಾನೆ. ಶಿವಾನಂದಂಗೆ ಹೋಮ್ಸ್‌ನ ಪಿಟೀಲಾಗಲಿ ಪಾಯ್ರೋನ ಮೀಸೆಯಾಗಲಿ ಇಲ್ಲ. ಎದುರಿಗೆ ಕುಳಿತವರನ್ನು ಮಾತಾಡಲು ಬಿಟ್ಟು, ಅವರು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ತೂಗಿನೋಡುವ ತಾಳ್ಮೆಯೇ ಅವನ ಗುಣ.

ಉಷಾ: ಕಥೆಯ ಹೃದಯ

ಶಂಕಿತರ ಸಾಲಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಶಯಕ್ಕೆ ಗುರಿಯಾಗುವವಳು ಪಂಢರಿಬಾಯಿ ಅಭಿನಯಿಸಿದ ಉಷಾ, ರಾಜನ್‌ನ ಪತ್ನಿ. ಗಂಡನನ್ನು ಕಳೆದುಕೊಂಡವಳ ದುಃಖವನ್ನು ಯಾರೂ ಪ್ರಶ್ನಿಸುವುದಿಲ್ಲ. ಕೊನೆಗೆ ನಿಜ ಹೊರಬರುವುದು ಅವಳಿಂದಲೇ. ಕಾಲೇಜಿನ ದಿನಗಳಲ್ಲಿ ಪರಸ್ಪರ ಮೆಚ್ಚಿ ಮದುವೆಯಾದ ಈ ದಂಪತಿಗಳಲ್ಲಿ ಉಷಾ ದೇಶಾಭಿಮಾನಿ, ರಾಜನ್ ಪ್ರತಿಭಾವಂತ. ಬಡವರಿಗೂ ಎಟುಕುವ ಅಗ್ಗದ ರೇಡಿಯೋ ತಯಾರಿಸಬೇಕೆಂಬ ಅವನ ಯೋಜನೆಗೆ ಇಲ್ಲಿ ಮನ್ನಣೆ ಸಿಗದೆಹೋದಾಗ ಅವನು ಜಪಾನಿನತ್ತ ಮುಖ ಮಾಡುತ್ತಾನೆ, ಮತ್ತು ಅದೇ ರೇಡಿಯೋ ವಿದ್ಯೆಯಿಂದ ದೇಶದ ಗುಟ್ಟುಗಳನ್ನು ಶತ್ರುವಿಗೆ ರವಾನಿಸುವ ಗೂಢಚಾರನಾಗುತ್ತಾನೆ. ಇದು ತಿಳಿದ ಉಷಾ ಅವನನ್ನು ತಡೆಯಲು ಹೋರಾಡುತ್ತಾಳೆ. ಅವಳ ಕೈಯಲ್ಲಿದ್ದ ಪಿಸ್ತೂಲಿನಿಂದ ಹಾರಿದ ಗುಂಡೇ ಆರಂಭದಲ್ಲಿ ಕೇಳಿಸಿದ ಗುಂಡು.

ಈ ಒಂದು ಸಂಗತಿಯಿಂದ ಹಿಂದಿನ ಪಾತ್ರಗಳ ಅರ್ಥವೆಲ್ಲ ಬದಲಾಗುತ್ತದೆ. ತಮ್ಮ, ನಾದಿನಿ, ಪ್ರೇಯಸಿ, ನೆರೆಯವನು ಎಲ್ಲರೂ ರಾಜನ್‌ನನ್ನು ತಮಗಾದ ನಷ್ಟದಿಂದ ಅಳೆದಿದ್ದರು. ಜಿಪುಣ, ವಂಚಕ, ಲಂಪಟ ಎಂದು ಅವರು ಕೊಟ್ಟ ಚಿತ್ರಗಳು ಪೂರ್ತಿ ಸುಳ್ಳಲ್ಲ, ಆದರೆ ಅವನ ದೊಡ್ಡ ಅಪರಾಧ ಅವರಾರ ಕಣ್ಣಿಗೂ ಬಿದ್ದಿರಲಿಲ್ಲ. ಅವನನ್ನು ಪೂರ್ಣವಾಗಿ ಅರಿತವಳು ಅವನನ್ನು ಹೆಚ್ಚು ಪ್ರೀತಿಸಿದವಳೇ, ಮತ್ತು ಆ ಅರಿವಿನ ಬೆಲೆ ತೆತ್ತವಳೂ ಅವಳೇ. ‘ರಾಶೋಮಾನ್’ ಸತ್ಯ ಯಾವುದೆಂದು ಕೊನೆಯವರೆಗೂ ತೀರ್ಮಾನಿಸದೆ ಬಿಡುತ್ತದೆ. ಪತ್ತೇದಾರಿ ಕಥೆಗೆ ಹಾಗೆ ಬಿಡುವ ಸ್ವಾತಂತ್ರ್ಯವಿಲ್ಲ, ಅದು ಉತ್ತರ ಕೊಡಲೇಬೇಕು. ‘ಅಂದ ನಾಳ್’ ಉತ್ತರವನ್ನು ಕೊಡುತ್ತದೆ, ಆದರೆ ಉಷಾಳನ್ನು ಅಪರಾಧಿಯೆಂದು ಕರೆಯಬೇಕೇ ಎಂಬ ಪ್ರಶ್ನೆಯನ್ನು ಪ್ರೇಕ್ಷಕನ ವಿವೇಚನೆಗೆ ಒಪ್ಪಿಸುತ್ತದೆ.

ಕನ್ನಡಿಗರು ನೆನೆಯಬೇಕಾದ ಪಂಢರಿಬಾಯಿ

ಅಂದಿನ ದಿನಗಳಲ್ಲಿ ಕನ್ನಡ ಚಿತ್ರಗಳೂ ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಡಾ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರ, ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ವೂ 1954ರಲ್ಲಿಯೇ ಬಂದದ್ದು, ಅದರ ನಾಯಕಿಯೂ ಪಂಢರಿಬಾಯಿಯೇ. ಒಂದೇ ವರ್ಷದಲ್ಲಿ ಅವರು ಬೇಡನ ಮುಗ್ಧ ಹೆಂಡತಿಯಾಗಿಯೂ ಗಂಡನ ದ್ರೋಹದೆದುರು ಪಿಸ್ತೂಲು ಹಿಡಿದ ವಿದ್ಯಾವಂತೆಯಾಗಿಯೂ ಕಾಣಿಸಿಕೊಂಡರು. ಮುಂದೆ 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರು ಚಂದ್ರಮತಿಯಾದರು, ಅನಂತರದ ದಶಕಗಳಲ್ಲಿ ತಾಯಿಯ ಪಾತ್ರಗಳಿಗೆ ಮೀಸಲಾದರು, 2003ರಲ್ಲಿ ಚೆನ್ನೈಯಲ್ಲಿ ನಿಧನರಾದರು. ಪತಿಯ ಸತ್ಯಕ್ಕಾಗಿ ಎಲ್ಲವನ್ನೂ ಸಹಿಸಿದ ಚಂದ್ರಮತಿಯನ್ನು ಕನ್ನಡ ಪ್ರೇಕ್ಷಕರು ಚೆನ್ನಾಗಿ ಬಲ್ಲರು. ಪತಿಯ ಅಸತ್ಯವನ್ನು ಸಹಿಸದ ಉಷಾಳ ಪರಿಚಯ ಅವರಲ್ಲಿ ಬಹಳ ಮಂದಿಗೆ ಆಗಿಲ್ಲ.

ಬಿಡುಗಡೆಯಾದಾಗ ಗಲ್ಲಾಪೆಟ್ಟಿಗೆಯಲ್ಲಿ ಸೋತ ‘ಅಂದ ನಾಳ್’ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಪಡೆಯಿತು, ಮತ್ತು ಇಂದು ತಮಿಳು ಚಿತ್ರರಂಗದ ಮೈಲಿಗಲ್ಲುಗಳಲ್ಲಿ ಅದಕ್ಕೆ ಸ್ಥಾನವಿದೆ. ಪತ್ತೇದಾರಿ ಕಥೆಯ ಪಾತ್ರಗಳು ಬರಿಯ ಕಾಯಿಗಳೆಂದು ಭಾವಿಸುವವರು ಈ ಚಿತ್ರವನ್ನು ಒಮ್ಮೆ ನೋಡಬೇಕು. ಅಪರಾಧಿ ಯಾರೆಂದು ಮೊದಲೇ ತಿಳಿದಿದ್ದರೂ ಚಿತ್ರದ ಹಿಡಿತ ಸಡಿಲವಾಗುವುದಿಲ್ಲ, ಏಕೆಂದರೆ ಅದರ ಸತ್ವ ಇರುವುದು ಕೊಲೆಯ ಗುಟ್ಟಿನಲ್ಲಲ್ಲ, ಆ ಮನೆಯ ಮನುಷ್ಯರಲ್ಲಿ. ಕನ್ನಡದಲ್ಲಿ ಇಂದು ಪತ್ತೇದಾರಿ ಕಥೆ ಬರೆಯಹೊರಟವರಿಗೂ ಇದಕ್ಕಿಂತ ಉಪಯುಕ್ತವಾದ ಪಾಠ ಹತ್ತಿರದಲ್ಲಿ ಬೇರೊಂದಿಲ್ಲ.