ವಿಟ್ಲ ಪೇಟೆಯಲ್ಲಿ ಇಂಗ್ಲಿಷ್ ಅಭ್ಯಾಸ

ಕಲ್ಲಡ್ಕದಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಮಾರ್ಗದ ಎರಡೂ ಕಡೆ ಅಡಿಕೆ ತೋಟ. ವಿಟ್ಲದ ನಾಲ್ಕು ಮಾರ್ಗದಲ್ಲಿ ಬಸ್ಸಿಳಿದು ಸ್ವಲ್ಪ ಹೊತ್ತು ನಿಂತರೆ ಸಾಕು, ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ಗಡಿಯಾಚೆಯ ಮಲಯಾಳ ಎಲ್ಲವೂ ಕಿವಿಗೆ ಬೀಳುತ್ತವೆ. ಅಂಗಡಿಯವರು ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ, ನರ್ಸಿಂಗ್ ಓದಿ, ವಿದೇಶಕ್ಕೆ ಹೊರಟವರು ಇಂಗ್ಲಿಷ್ ಪರೀಕ್ಷೆಗೆ ಯಾಕೆ ಹೆದರಬೇಕು? ಅದನ್ನು ನೋಡಲೆಂದೇ ಪರಿಚಯದ ಒಬ್ಬ ನರ್ಸ್ ಮನೆಗೆ ಹೋದೆ. ಮಂಗಳೂರಿನ ಆಸ್ಪತ್ರೆಯಿಂದ ರಜೆಯಲ್ಲಿ ಬಂದಿದ್ದಳು.

ಚಾವಡಿಯ ಮೇಜಿನ ಮೇಲೆ ಎರಡು ಪರೀಕ್ಷೆಗಳ ಪುಸ್ತಕ. ಒಂದು ಐಇಎಲ್‌ಟಿಎಸ್, ಎಲ್ಲರಿಗೂ ಇರುವಂಥದ್ದು. ಇನ್ನೊಂದು ಒಇಟಿ, ವೈದ್ಯಕೀಯ ರಂಗದ 12 ವೃತ್ತಿಗಳವರಿಗೆ ಮಾತ್ರ. ಎರಡರಲ್ಲೂ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದವಕ್ಕೆ 7 ಕೇಳುತ್ತದೆ. ಇವಳು ಆರಿಸಿಕೊಂಡದ್ದು ಒಇಟಿ.

"ಬರೆಯುವುದನ್ನು ಒಬ್ಬಳೇ ಕೂತು ಬರೀಬಹುದು ಸರ್. ಮಾತಾಡ್ಲಿಕ್ಕೆ ಎದುರಿಗೆ ಜನ ಬೇಕಲ್ಲ?" ಎಂದಳು.

ಆ ಹೊತ್ತಿಗೆ ನಾನೇ ರೋಗಿಯಾದೆ. ಒಇಟಿಯ ಮಾತಿನ ಭಾಗದಲ್ಲಿ ಎರಡು ಸನ್ನಿವೇಶ, ಒಂದೊಂದಕ್ಕೆ ಸುಮಾರು ಐದು ನಿಮಿಷ. ನನ್ನ ಪಾತ್ರ ಇನ್ಸುಲಿನ್ ಬೇಡವೆಂದು ಹಟ ಹಿಡಿದ ಮುದುಕನದು. ಅವಳು ಪುಸ್ತಕದಲ್ಲಿದ್ದಂತೆ ಇನ್ಸುಲಿನ್ನಿನ ಪ್ರಯೋಜನಗಳನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಮುದುಕನ ಹೆದರಿಕೆ ಏನೆಂದು ಕೇಳಿರಲಿಲ್ಲ. ವಾರ್ಡಿನಲ್ಲಿ ತುಳುವಿನಲ್ಲಿ ಹೇಗೆ ಹೇಳುತ್ತಿದ್ದೆಯೋ ಹಾಗೆ ಒಮ್ಮೆ ಹೇಳು ಎಂದೆ. ಆಗ ಕುರ್ಚಿ ಹತ್ತಿರ ಎಳೆದು ಕೂತಳು. ಸೂಜಿಯ ಹೆದರಿಕೆಯೋ, ಖರ್ಚಿನದೋ ಎಂದು ವಿಚಾರಿಸಿದಳು, ನಾನು ಉತ್ತರ ಹೇಳಿ ಮುಗಿಸುವವರೆಗೆ ಕಾದಳು. ಒಳಗಿನಿಂದ ತಾಯಿ, "ನಿನ್ನಜ್ಜನಿಗೂ ಹೀಗೇ ಸಮಾಧಾನ ಹೇಳಬೇಕಿತ್ತು" ಎಂದರು. ಅದನ್ನೇ ಮತ್ತೆ ಇಂಗ್ಲಿಷಿನಲ್ಲಿ ಹೇಳಿದಾಗ ಮಾತು ಬೇರೆಯೇ ಆಗಿತ್ತು. ರೋಗಿಯ ಮನಸ್ಸು ತಿಳಿಯುವುದಕ್ಕೂ ಈ ಪರೀಕ್ಷೆಯಲ್ಲಿ ಅಂಕವುಂಟು. ಆ ವಿದ್ಯೆ ಅವಳಲ್ಲಿ ಮೊದಲೇ ಇತ್ತು, ತುಳುವಿನಲ್ಲಿ.

ಬರವಣಿಗೆಯೂ ಹಾಗೆಯೇ. ರೋಗಿಯ ಟಿಪ್ಪಣಿ ಓದಿ 45 ನಿಮಿಷದೊಳಗೆ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಪತ್ರ ಬರೆಯಬೇಕು, ಸುಮಾರು 180ರಿಂದ 200 ಪದ. ಟಿಪ್ಪಣಿಯಲ್ಲಿ ಇರುವುದನ್ನೆಲ್ಲ ತುಂಬಿದರೆ ಪತ್ರ ಕೆಡುತ್ತದೆ. ಪಾಳಿ ಬದಲಾಗುವಾಗ ಮುಂದಿನವರಿಗೆ ಏನು ಹೇಳಬೇಕು, ಏನು ಬಿಡಬೇಕು ಎಂದು ತಿಳಿದವರಿಗೆ ಇದು ಹೊಸತಲ್ಲ.

ಸಂಜೆ ಪೇಟೆಗೆ ನಡೆದೆವು. ಐಇಎಲ್‌ಟಿಎಸ್‌ಗೆ ಓದುತ್ತಿರುವ ಅವಳ ತಮ್ಮನೂ ಬಂದ. ಅವನ ಪರೀಕ್ಷೆಯ ಮಾತಿನ ಭಾಗ 11ರಿಂದ 14 ನಿಮಿಷ. ನಡುವೆ ಒಂದು ಚೀಟಿ ಕೊಡುತ್ತಾರೆ, ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು. ನಿಮ್ಮೂರಿನ ಹಬ್ಬ ಎಂದರೆ ಅವನು ದೀಪಾವಳಿಯ ಕಂಠಪಾಠ ಒಪ್ಪಿಸಿದ. ನಾವು ನಿಂತಿದ್ದದ್ದು ಪಂಚಲಿಂಗೇಶ್ವರ ದೇವಸ್ಥಾನದ ಎದುರು! ಗಜಪೃಷ್ಠ ಶೈಲಿಯ ಗುಡಿ, ಜನವರಿಯ ಜಾತ್ರೆ, ಸಣ್ಣವನಿದ್ದಾಗ ತೇರು ನೋಡಲು ಎಲ್ಲಿ ನಿಲ್ಲುತ್ತಿದ್ದನೆಂಬುದು, ಇಷ್ಟು ಹೇಳಿದರೆ ಎರಡು ನಿಮಿಷ ಸಾಲದು. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಗುರುತಿಸುತ್ತಾರೆ, ಅದಕ್ಕೆ ಒಳ್ಳೆಯ ಅಂಕ ಸಿಗುವುದಿಲ್ಲ.

ನೀವು ಮೆಚ್ಚುವ ವ್ಯಕ್ತಿ ಯಾರೆಂದರೆ ಕ್ರಿಕೆಟಿಗನ ಹೆಸರು ಬಂತು. ಇಲ್ಲೇ ಅಡ್ಯನಡ್ಕದ ವಾರಣಾಸಿ ಸುಬ್ರಾಯ ಭಟ್ಟರು 1973ರಲ್ಲಿ ಕ್ಯಾಂಪ್ಕೋ ಸಹಕಾರಿ ಸಂಸ್ಥೆಯ ಸ್ಥಾಪಕ ಅಧ್ಯಕ್ಷರಾಗಿ ಅಡಿಕೆ ಬೆಳೆಗಾರರನ್ನು ಒಟ್ಟು ಸೇರಿಸಿದವರು. ಅಡಿಕೆ ಸುಲಿದು ಬೆಳೆದ ಹುಡುಗನಿಗೆ ಅವರ ಬಗ್ಗೆ ಹೇಳಲು ಮಾತು ಹುಡುಕಬೇಕಾಗಿಲ್ಲ. ವಿಜ್ಞಾನದ ವಿಷಯ ಬಂದರೂ ಸರಿ, ಅಡಿಕೆ ಸಂಶೋಧನೆಗೆಂದು 1956ರಲ್ಲಿ ಶುರುವಾದ ಕೇಂದ್ರ ವಿಟ್ಲದಲ್ಲೇ ಇದೆ. 'ಮಂಗಳ' ತಳಿ ಬಂದದ್ದು ಅಲ್ಲಿಂದಲೇ. ಇದನ್ನೆಲ್ಲ ಅವನಿಗೆ ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿಸಿದೆ. ಅಲ್ಲಲ್ಲಿ ತಡವರಿಸಿದ, ಆದರೆ ನಿಲ್ಲಿಸಲಿಲ್ಲ.

ತರಗತಿಗಳು ಪರೀಕ್ಷೆಯ ತಂತ್ರ ಹೇಳಿಕೊಡುತ್ತವೆ, ಅದು ಬೇಕು. ಇವರಿಗೆ ಇಲ್ಲದ್ದು ಎದುರು ಕೂತು ಕೇಳುವ ಕಿವಿ. ವಿಟ್ಲದಲ್ಲಿ, ಪುತ್ತೂರಿನಲ್ಲಿ, ಬಂಟ್ವಾಳದಲ್ಲಿ ನಿವೃತ್ತ ಮೇಷ್ಟ್ರು, ಟೀಚರುಗಳು ಇದ್ದಾರೆ, ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರಿದ್ದಾರೆ. ನೆರೆಮನೆಯ ನರ್ಸಿಗೆ ಸಂಜೆ ಅರ್ಧ ಗಂಟೆ ರೋಗಿಯಾಗಿ ಕೂರಿ, ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ತಪ್ಪು ತಿದ್ದದೆ ಕೇಳಿಸಿಕೊಳ್ಳಿ.